ಬೀದಿಯ ಕೊನೆಯ ಹಳೇ ಮೀಟರು

ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ಮೂವತ್ತು ವರ್ಷ ಸವೆಸಿದ ಹೆಂಗಸು ಆಕೆ. ಅಲ್ಲಿ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪುಟದ ಮೇಲೆ ಕಣ್ಣಿಟ್ಟು "ಸರಿ" ಅನ್ನಬೇಕು. ಒಬ್ಬರೇ ಓದಿಕೊಂಡರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ ಎಂದು ಆಕೆ ಎಲ್ಲರಿಗೂ ಹೇಳುತ್ತಿದ್ದಳು.

ಈಗ ಮೂರನೇ ಮಹಡಿಯಲ್ಲಿ ಒಂಟಿ ವಾಸ. ತಿಂಗಳಿಗೊಮ್ಮೆ ಕರೆಂಟಿನ ಮೀಟರು ನೋಡುವವನು ಬಂದು, ಅಡುಗೆಮನೆಯ ಸ್ಟೂಲು ಹತ್ತಿ ಅಂಕಿಗಳನ್ನು ಕೂಗುತ್ತಿದ್ದ. ಆಕೆ ಚೀಟಿಯಲ್ಲಿ ಬರೆದುಕೊಂಡು ತಿರುಗಿ ಓದಿದರೆ ಅವನು "ಸರಿ" ಅನ್ನುತ್ತಿದ್ದ. ಆ ಮನೆಯಲ್ಲಿ ಕೇಳುತ್ತಿದ್ದ ಇನ್ನೊಂದು ದನಿ ಅದೊಂದೇ.

ಆಫೀಸಿಗೆ ತಾನೇ ಅಂಕಿ ಕಳಿಸುವ ಹೊಸ ಮೀಟರು ಬಂತು. ಬೀದಿಯವರೆಲ್ಲ ಹಾಕಿಸಿಕೊಂಡರು. ಈಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಬೆಂಕಿ ಹತ್ಕೊಳ್ಳುತ್ತಂತೆ" ಎಂದಳು. ಹಾಗೇನಿಲ್ಲವೆಂದು ಆಫೀಸಿನವರು ಕಾಗದ ತೋರಿಸಿದರೆ, "ತಲೆನೋವು ಬರುತ್ತಂತೆ" ಎಂದಳು.

ಒಂದು ದಿನ ಅವನು ಸ್ಟೂಲಿನಿಂದ ಇಳಿದು ಮಂಡಿ ಹಿಡಿದುಕೊಂಡ. "ಅಮ್ಮಾ, ಬೀದಿಗೆಲ್ಲ ನಿಮ್ಮದೊಂದೇ ಹಳೇದು. ಇದಕ್ಕೋಸ್ಕರ ಮೂರು ಮಹಡಿ ಹತ್ತಬೇಕು. ಕಾಲು ನನ್ನ ಮಾತು ಕೇಳಲ್ಲ."

"ಮೊದಲೇ ಹೇಳೋಕೆ ನಿನಗೇನಪ್ಪಾ ಧಾಡಿ?" ಎಂದು ರೇಗಿ, ಹೊಸ ಮೀಟರಿನ ಒಪ್ಪಿಗೆ ಪತ್ರಕ್ಕೆ ನಿಂತಲ್ಲೇ ಸಹಿ ಹಾಕಿದಳು.

ಮುಂದಿನ ತಿಂಗಳು ಅದೇ ತಾರೀಖಿಗೆ ಆಕೆಯೇ ಸ್ಟೂಲು ಹತ್ತಿ ಹೊಸ ಮೀಟರಿನ ಅಂಕಿಗಳನ್ನು ಕೂಗಿದಳು. ಇಳಿದು ಚೀಟಿಯಲ್ಲಿ ಬರೆದಳು, ತಿರುಗಿ ಓದಿದಳು, ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಪ್ರೆಸ್ಸಿನಲ್ಲಿ "ಸರಿ" ಅನ್ನುವ ಜೊತೆಯವರು ಬಾರದ ದಿನ ಮಾಡುತ್ತಿದ್ದಂತೆ, ಅಂಕಿಗಳ ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿಟ್ಟಳು.