ಒಂದು ಗೇಣು, ನಾಲ್ಕು ಬೆರಳು

ಒಂದು ಗೇಣು, ನಾಲ್ಕು ಬೆರಳು. ನಮ್ಮ ಅಜ್ಜಿ ತನ್ನ ಬಲಗಾಲನ್ನು ನೆಲದಿಂದ ಮೇಲಕ್ಕೆತ್ತಬಲ್ಲ ಎತ್ತರ ಇಷ್ಟು. ಎಡಗಾಲು ಇನ್ನೂ ಎರಡು ಬೆರಳು ಕಡಿಮೆ; ಆದರೆ ಎಲ್ಲಿಗೇ ಹತ್ತಲಿ, ಮೊದಲು ಬಲಗಾಲನ್ನೇ ಇಡಬೇಕೆಂಬುದು ಅಜ್ಜಿಯ ನಿಯಮವಾದ್ದರಿಂದ ಎಡಗಾಲನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಜ್ಜಿ ಪಡಸಾಲೆಯ ಕಂಬ ಹಿಡಿದು ನಿಂತಿದ್ದಳು. ನಾನು ನೆಲದ ಮೇಲೆ ಕೂತು ಅಳೆದೆ. ಕಾಲು ಅವಳದು, ಗೇಣು ನನ್ನದು.

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹರಿಹರದ ಕಾಲೇಜೊಂದರಲ್ಲಿ ಹುಡುಗರಿಗೆ ಸರಾಸರಿ ತೆಗೆಯುವುದನ್ನು ಕಲಿಸುವ ನಾನು ಹೀಗೆ ಅಜ್ಜಿಯ ಪಾದದಡಿ ಗೇಣು ಹಾಕುತ್ತ ಕೂತದ್ದು ನಮ್ಮ ಮನೆಗೆ ಒಂದು ಗಾಡಿ ಬೇಕಾದ್ದರಿಂದ. ಪ್ರತಿ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಕರಿಬಸವೇಶ್ವರನ ಗದ್ದುಗೆಗೆ ಹಣೆ ಹಚ್ಚಿ ಬರುವುದು ಅಜ್ಜಿ ಮದುವೆಯಾಗಿ ಬಂದಾಗಿನಿಂದ ತಪ್ಪಿಸದ ಪದ್ಧತಿ. ಮಂಡಿ ಹಿಡಿದುಕೊಂಡ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ಗೋಡೆಯಂತಾಯಿತು. ಒಮ್ಮೆ ಕಂಡಕ್ಟರ್ ಮೇಲಿನಿಂದ ಕೈ ಹಿಡಿದು ಎಳೆದು, ಅಪ್ಪ ಕೆಳಗಿನಿಂದ ಎತ್ತಿ, ಬಸ್ಸಿನ ತುಂಬ ಜನ ನೋಡಿ, ಅಜ್ಜಿ ಇಳಿದು ಮನೆಗೆ ವಾಪಸು ಬಂದಳು. ಅಂದು ಅಪ್ಪ ದೇವರ ಜಗಲಿಯ ಮುಂದೆ ನಿಂತು ಮಾತು ಕೊಟ್ಟರು: "ಬಸ್ಸು ಬ್ಯಾಡವ್ವ. ಮುಂದಿನ ಅಮಾಸಿಗೆ ನಮ್ಮದೇ ಗಾಡ್ಯಾಗ ಕರ್ಕೊಂಡು ಹೋಗ್ತೀನಿ."

ಆ ಮುಂದಿನ ಅಮಾವಾಸ್ಯೆ ಬಂದು ಹೋಯಿತು. ಅದರ ಮುಂದಿನದೂ ಹೋಯಿತು. ಗಾಡಿ ಬರಲಿಲ್ಲ, ಏಕೆಂದರೆ ನಾವು ಹೋಲಿಸುತ್ತಿದ್ದೆವು.

ದಾವಣಗೆರೆ ಜಿಲ್ಲೆಯಾದ ಮೇಲೆ ನಮ್ಮೂರಿನವರಿಗೆ ಗಾಡಿಯ ಹುಚ್ಚು ಹಿಡಿದಿದೆ. ಹೊಸ ಜಿಲ್ಲೆಯ ಹೊಸ ನಂಬರನ್ನು ಬರೆಸಲಿಕ್ಕಾದರೂ ಒಂದು ಬೋರ್ಡು ಬೇಕು, ಬೋರ್ಡಿನ ಹಿಂದೆ ಒಂದು ಗಾಡಿ ಬೇಕು. ಪೇಟೆಯಲ್ಲಿ ಆಯ್ಕೆಗೂ ಕೊರತೆಯಿಲ್ಲ. ಕಂಪನಿಗಳ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಸರಿಯಾಗಿ ನಿಲ್ಲದ್ದರಿಂದ ನಮ್ಮ ಮೂರು ಉಮೇದುವಾರರಿಗೆ ನಾವೇ ಹೆಸರಿಟ್ಟುಕೊಂಡೆವು. ಮೊದಲನೆಯದು 'ಡಬ್ಬಿ': ಬಾಗಿಲು ಪಕ್ಕಕ್ಕೆ ಸರಿಯುವ ಬಿಳಿ ವ್ಯಾನು. ಹಿಂದಿನ ಸೀಟು ಬಿಚ್ಚಿಟ್ಟರೆ ಮೆಕ್ಕೆಜೋಳದ ಚೀಲ ಹಿಡಿಯುತ್ತದೆ. ಮಂಡಿಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿರುವ ಅಪ್ಪನಿಗೆ ಡಬ್ಬಿಯ ಮೇಲೆ ಮನಸ್ಸು. ಎರಡನೆಯದು 'ದೊಡ್ಡದು'. ಅದು ಪೂರ್ತಿ ಜೀಪಲ್ಲ, ಪೂರ್ತಿ ಕಾರೂ ಅಲ್ಲ. ಮೂತಿ ಜೀಪಿನದು, ಸೀಟು ಕಾರಿನದು, ಗತ್ತು ಮಂತ್ರಿಯದು. ಅದೇ ಅಂಗಡಿಯಲ್ಲಿ ಅಪ್ಪನ ಜೊತೆ ಕೂಡುವ ಚಿಕ್ಕಪ್ಪನಿಗೆ ದೊಡ್ಡದೇ ಆಗಬೇಕು. ಕಲ್ಯಾಣಮಂಟಪದ ಮುಂದೆ ಅದು ಬಂದು ನಿಂತರೆ ವಾಲಗದವರು ತಾವಾಗಿಯೇ ಊದಲು ಶುರುಮಾಡುತ್ತಾರೆಂದು ಅವರ ನಂಬಿಕೆ.

ಮೂರನೆಯದು 'ಮೊಟ್ಟೆ', ಈಗಷ್ಟೇ ಪೇಟೆಗೆ ಬಂದಿರುವ ಗುಂಡಗಿನ ಚಿಕ್ಕ ಕಾರು. ಇದರ ಪರವಾಗಿ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನೂ ಮಾತಾಡುವುದಿಲ್ಲ. ಆದರೆ ಕಾಲೇಜಿನಿಂದ ಬರುವಾಗ ನಮ್ಮ ಬಸ್ಸು ಡ್ರೈವಿಂಗ್ ಸ್ಕೂಲೊಂದರ ಮುಂದೆ ನಿಲ್ಲುತ್ತದೆ, ಮತ್ತು ನಾನು ಅದರ ಬೋರ್ಡನ್ನು ಪ್ರತಿ ಸಲವೂ ಹೊಸದಾಗಿ ಓದುತ್ತೇನೆ. ಡಬ್ಬಿಗೋ ದೊಡ್ಡದಕ್ಕೋ ಡ್ರೈವರ್ ಇಡುತ್ತಾರೆ; ಮೊಟ್ಟೆಗೆ ಯಾರೂ ಇಡಲಾರರು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ನೀನು ಓದಿದಾಕಿ, ಕೂಡಿಸಿ ಕಳೆದು ಹೇಳು ಯಾವುದು ಬೆಸ್ಟು ಅಂತ" ಎಂದು ಚಿಕ್ಕಪ್ಪ ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಸಂಖ್ಯಾಶಾಸ್ತ್ರ ಓದಿದವರಿಗೆ ಒಂದು ದೌರ್ಬಲ್ಯವಿದೆ: ಯಾವ ಗೊಂದಲವನ್ನಾದರೂ ಅಡ್ಡಗೆರೆ ಉದ್ದಗೆರೆಗಳ ನಡುವೆ ಕೂರಿಸಿದರೆ ಅದು ಗೊಂದಲವಾಗಿ ಉಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ನಾನೂ ಒಂದು ಪಟ್ಟಿ ಗೀಚಿದೆ. ಬೆಲೆಗೆ ಇಷ್ಟು ಅಂಕ, ಮೈಲೇಜಿಗೆ ಇಷ್ಟು, ಸೀಟಿಗೆ ಇಷ್ಟು. ಒಟ್ಟು ಮಾಡಿದರೆ ಮೊಟ್ಟೆ ಗೆದ್ದಿತು. ನನಗೆ ನನ್ನ ಮೇಲೆಯೇ ಅನುಮಾನ ಬಂತು. ನ್ಯಾಯವಾಗಿರಲೆಂದು ಸೀಟಿನ ಅಂಕ ಹೆಚ್ಚಿಸಿದೆ, ದೊಡ್ಡದು ಗೆದ್ದಿತು. ಅದರ ಬೆಲೆ ನೆನೆದು ಬೆಲೆಯ ಅಂಕ ಹೆಚ್ಚಿಸಿದೆ, ಡಬ್ಬಿ ಮುಂದೆ ಬಂತು. ಅಂಕ ಕೊಡುವ ಕೈ ಎತ್ತ ವಾಲಿದರೆ ಗಾಡಿಯೂ ಅತ್ತಲೇ ವಾಲುತ್ತಿತ್ತು. ಕೊನೆಗೆ ಹತಾಶಳಾಗಿ ಎಲ್ಲರ ಬೇಡಿಕೆಗಳ ಸರಾಸರಿ ತೆಗೆದೆ. ಆರೂವರೆ ಸೀಟಿನ, ಅರ್ಧ ಪೆಟ್ರೋಲು ಅರ್ಧ ಡೀಸೆಲ್ಲಿನಲ್ಲಿ ಓಡುವ, ಒಂದು ಬಾಗಿಲು ತೆರೆಯುವ, ಇನ್ನೊಂದು ಪಕ್ಕಕ್ಕೆ ಸರಿಯುವ ವಾಹನ ಸಿದ್ಧವಾಯಿತು. ಅದನ್ನು ಯಾವ ಕಾರ್ಖಾನೆಯೂ ಇನ್ನೂ ತಯಾರಿಸಿಲ್ಲ.

ಹಾಗೆ ನೋಡಿದರೆ ಅಂಥದೊಂದು ಸರಾಸರಿ ನಾನು ದಿನಾ ಬಸ್ಸಿಳಿಯುವ ಊರಿನಲ್ಲೇ ಇದೆ. ಹರಿಹರದ ಗುಡಿಯಲ್ಲಿ ದೇವರು ಅರ್ಧ ಹರಿ, ಅರ್ಧ ಹರ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರೆಂದು ಕತೆ. ಒಂದು ಪಕ್ಕ ಶಂಖ ಚಕ್ರ, ಇನ್ನೊಂದು ಪಕ್ಕ ತ್ರಿಶೂಲ. ಕೆಲಸವಿಲ್ಲದ ಒಂದು ಮಧ್ಯಾಹ್ನ ಅದರ ಮುಂದೆ ನಿಂತು, ಇದನ್ನು ಮೊದಲು ಕಡೆಯಲು ಕೂತ ಶಿಲ್ಪಿ ಎಷ್ಟು ಗೊಂದಲಪಟ್ಟಿರಬೇಕೆಂದು ಯೋಚಿಸಿದ್ದೇನೆ. ಮೂಗಿನ ನಡುವೆ ಎಲ್ಲಿ ಒಬ್ಬ ಮುಗಿದು ಇನ್ನೊಬ್ಬ ಶುರುವಾಗಬೇಕು? ಆದರೆ ಶಿಲ್ಪಿಗೆ ಒಂದು ಅನುಕೂಲವಿತ್ತು: ಯಾವ ಅಸುರನಿಗಾಗಿ ಈ ಮೂರ್ತಿ ಎಂಬುದು ಗೊತ್ತಿತ್ತು. ನಮ್ಮ ಮನೆಯಲ್ಲಿ ಅದೇ ಮರೆತುಹೋಗಿತ್ತು. ಚೀಲ, ಮದುವೆ, ಮೈಲೇಜು ಎನ್ನುತ್ತ ಗಾಡಿ ಯಾರಿಗೆ ಎಂಬ ಪ್ರಶ್ನೆಯನ್ನು ದಾಟಿ ಬಹಳ ಮುಂದೆ ಬಂದುಬಿಟ್ಟಿದ್ದೆವು. ಅದನ್ನು ನೆನಪಿಸಿದ್ದು ಅಜ್ಜಿಯೇ. "ಎಲ್ಲಾ ನೋಡಿದ್ರಿ, ನನ್ನ ಕಾಲು ನೋಡಿದ್ರೇನು?" ಎಂದಳು. ಹಾಗಾಗಿ ನಾನು ಗೇಣು ಹಾಕಿದ್ದು.

ಈ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ನಾನು, ಅಜ್ಜಿ, ಚಿಕ್ಕಪ್ಪ ಪಿ.ಬಿ. ರಸ್ತೆಗೆ ಗಾಡಿ ನೋಡಲು ಹೋದೆವು. ನಮ್ಮ ನಿಟ್ಟುವಳ್ಳಿಯ ಓಣಿಯ ತುದಿಯಲ್ಲಿ ಆಟೋ ನಿಲ್ಲಿಸಿಕೊಂಡಿರುವ ಬಾಷಾ ನಮ್ಮನ್ನು, ಮೂರೂ ಗಾಡಿಗಳನ್ನು ಒಂದೇ ಕಡೆ ಇಟ್ಟಿದ್ದ ಶೋರೂಮಿನ ಬಾಗಿಲಲ್ಲಿ ಇಳಿಸಿ ಹೋದ. ಟೈ ಕಟ್ಟಿದ ಸೇಲ್ಸ್‌ಮನ್ ನೇರವಾಗಿ ದೊಡ್ಡದರ ಹತ್ತಿರ ಕರೆದೊಯ್ದು, ಬಗ್ಗಿ ಅದರ ಅಡಿಯನ್ನು ತೋರಿಸಿದ.

"ಗ್ರೌಂಡ್ ಕ್ಲಿಯರೆನ್ಸ್ ನೋಡ್ರಿ ಮೇಡಂ. ಎಂಥಾ ಗುಂಡಿ ಇರ್ಲಿ, ಹೊಟ್ಟೆ ನೆಲಕ್ಕ ತಾಗಂಗಿಲ್ಲ."

"ಅದರ ಹೊಟ್ಟೆ ತಾಗದಿದ್ರ ಚಲೋ ಆತು. ನನ್ನ ಕಾಲು ತಾಗಬೇಕಲ್ಲಪ್ಪ ಅದಕ್ಕ" ಎಂದಳು ಅಜ್ಜಿ.

ಗೇಣು ಹಾಕಿ ನೋಡಿದೆ. ಎರಡು ಗೇಣಿಗೂ ಮೇಲೆ. ಬಾಗಿಲ ಕೆಳಗೆ ಮೆಟ್ಟಿಲಿನಂತೆ ಒಂದು ಪಾವಟಿಗೆ ಹಾಕಿಸಿದರಾಯಿತು ಎಂದರು ಚಿಕ್ಕಪ್ಪ. ಪಾವಟಿಗೆ ಹಾಕಿದ ಇನ್ನೊಂದು ಗಾಡಿ ಅಲ್ಲೇ ಇತ್ತು. ಅಜ್ಜಿ ಬಾಗಿಲು ಹಿಡಿದು ಹೇಗೋ ಅದರ ಪಾವಟಿಗೆ ಏರಿದಳು. ಅಲ್ಲಿಂದ ಒಳಗೆ ಬಲಗಾಲಿಡಬೇಕಾದರೆ ಮೈಭಾರವೆಲ್ಲ ಎಡಗಾಲಿನ ಮೇಲೆ ಬರಬೇಕು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದ ಎಡಗಾಲು ಅಲ್ಲಿ ನಡುಗತೊಡಗಿತು. ಇಳಿಸಿಕೊಂಡೆವು. ಡಬ್ಬಿಯೂ ಮೂರು ಬೆರಳು ಎತ್ತರವಾಯಿತು. ಮೊಟ್ಟೆಗೆ ಮಾತ್ರ ಕಾಲಿನ ಅಳತೆ ಸರಿಹೋಯಿತು. ನನ್ನ ಎದೆ ಒಂದು ಕ್ಷಣ ಹಗುರವಾಯಿತು. ಅಜ್ಜಿ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ, ಒಳಗೆ ಕೂತಳು. ಕೂತವಳು ಸೀಟಿನಲ್ಲಿ ಇಳಿಯುತ್ತಲೇ ಹೋದಳು. ಏಳಿಸಲು ಸೇಲ್ಸ್‌ಮನ್ ತನ್ನ ಟೈ ಪಕ್ಕಕ್ಕೆ ಸರಿಸಿಕೊಂಡು ಚಿಕ್ಕಪ್ಪನ ಜೊತೆ ಕೈಕೊಡಬೇಕಾಯಿತು.

"ಬಾವ್ಯಾಗ ಇಳಿದಂಗಾತು" ಎಂದು ಹೊರಬಂದು ಸೀರೆ ಕೊಡವಿಕೊಂಡಳು. ಆಮೇಲೆ ಬೀದಿಗೆ ಬಂದು, ಸಿಕ್ಕ ಆಟೋದಲ್ಲಿ ಕೂತು, ಮೂವರೂ ಮನೆಗೆ ಬಂದೆವು.

ಮನುಷ್ಯ ಪ್ರಯತ್ನ ಇಲ್ಲಿಗೆ ಮುಗಿದದ್ದರಿಂದ ವಿಷಯ ದೇವರ ಹತ್ತಿರ ಹೋಯಿತು. ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಪೂಜಾರಿ ಮೂರ್ತಿಯ ನೆತ್ತಿಯ ಎರಡೂ ಪಕ್ಕ ಒದ್ದೆ ಹೂ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ಕೂರಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದಾದರೆ ಬೇಡ. ಹೆಣ್ಣು ಕೊಡುವುದು, ಬೋರು ಕೊರೆಸುವುದು, ಭಾಗ ಆಗುವುದು, ಎಲ್ಲವೂ ನಮ್ಮಲ್ಲಿ ಹೀಗೆಯೇ ತೀರ್ಮಾನವಾಗುತ್ತವೆ. ಆ ಸಂಜೆ ಅಪ್ಪ ಅಂಗಡಿಯಿಂದ ಬರುತ್ತ ಗುಡಿಗೆ ಹೋಗಿ ಡಬ್ಬಿ ಕೊಳ್ಳಲೇ ಎಂದು ಕೇಳಿದರು. ಬಲಗಡೆಯ ಹೂ ಬಿತ್ತು. ಅವರು ಹೊರಟ ಸ್ವಲ್ಪ ಹೊತ್ತಿಗೆ, ಅಣ್ಣ ಬಂದುಹೋದದ್ದು ಗೊತ್ತಿಲ್ಲದ ಚಿಕ್ಕಪ್ಪ ಹೋಗಿ, ದೊಡ್ಡದನ್ನು ಕೊಳ್ಳಲೇ ಎಂದು ಕೇಳಿದರು. ಮತ್ತೆ ಬಲಗಡೆಯದೇ ಬಿತ್ತು. ಇಬ್ಬರೂ ಒಂದೊಂದು ಹೂ ಹಿಡಿದು ಪಡಸಾಲೆಯಲ್ಲಿ ಎದುರುಬದುರಾದರು.

"ನೀನು ಕೇಳಿದ್ದು ನನಗ್ಯಾಕ ಹೇಳಲಿಲ್ಲಣ್ಣ?"

"ನೀನರ ನನಗ ಹೇಳಿದೇನು?"

ಪೂಜಾರಿಯನ್ನೇ ಕರೆಸಿದರು. ಅವರು ಎರಡೂ ಹೂಗಳನ್ನು ತಿರುಗಿಸಿ ನೋಡಿ, "ಎರಡೂ ತಗೊಳ್ರಿ ಅಂತ ಅಪ್ಪಣೆ ಆದಂಗೈತೆ" ಎಂದು ಹೇಳಿ ಕಾಫಿ ಕುಡಿದು ಹೋದರು. ಬಸವಣ್ಣನ ತಪ್ಪೇನೂ ಇಲ್ಲ. ಹೌದು, ಅಲ್ಲ ಎಂದಷ್ಟೇ ಹೇಳುವವನ ಮುಂದೆ ಮೂರು ಗಾಡಿ ನಿಲ್ಲಿಸಿದರೆ ಅವನಾದರೂ ಏನು ಮಾಡಿಯಾನು? ಪ್ರಶ್ನೆಪತ್ರಿಕೆಯಲ್ಲಿ ನಾನೂ ಇಂಥ ಪ್ರಶ್ನೆ ಕೊಟ್ಟು, ಆಮೇಲೆ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟದ್ದಿದೆ.

"ಈಗ ನೀನ ಹೇಳು" ಎಂದು ಅಪ್ಪ ನನ್ನ ಕಡೆ ತಿರುಗಿದರು. ಚಿಕ್ಕಪ್ಪನೂ ತಿರುಗಿದರು. ಡಬ್ಬಿ ಎಂದರೆ ಚಿಕ್ಕಪ್ಪನಿಗೆ ಬೇಸರ, ದೊಡ್ಡದು ಎಂದರೆ ಅಪ್ಪನಿಗೆ. ಮೊಟ್ಟೆ ಎಂದರೆ ನನ್ನ ಒಳಗಿನ ಆಸೆಯೇ ಬೆತ್ತಲಾಗುತ್ತದೆ. ಮೂರರಲ್ಲಿ ಯಾವುದನ್ನು ಹೇಳಿದರೂ ಅಜ್ಜಿಗೆ ಹತ್ತಿ ಇಳಿಯಲಾಗುವುದಿಲ್ಲ. ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು. ಅವಳು ಜಗಳಾಡಲಿಲ್ಲ. ಇಬ್ಬರ ಕೈಯಿಂದಲೂ ಹೂ ಇಸಿದುಕೊಂಡು ಕಣ್ಣಿಗೊತ್ತಿಕೊಂಡು, "ನಾಳೆ ಅಮಾಸಿ" ಎಂದಳು. ಮತ್ತೆ, "ನಾ ಹೋಗೋದು ಈ ಹೂವಿನ ಮ್ಯಾಲ ಕುಂತೇನು?" ಎಂದಳು. ಅದು ತಮಾಷೆಯ ಮಾತೇ. ಆದರೆ ಅವಳ ದನಿ ಒಡೆದಿತ್ತು. ಅಪ್ಪ ಎದ್ದು ಹಿತ್ತಲಿಗೆ ಹೋದರು.

ಹೋಲಿಕೆ ಎಂಬುದು ವಿಚಿತ್ರ ಚಟ. ಹೋಲಿಸಬೇಕಾದರೆ ಮೊದಲು ಎರಡೋ ಮೂರೋ ವಸ್ತುಗಳನ್ನು ಆರಿಸಿಟ್ಟುಕೊಳ್ಳುತ್ತೇವೆ. ಆರಿಸಿಟ್ಟ ಮೇಲೆ ಲೋಕದಲ್ಲಿ ಇರುವುದು ಅವಷ್ಟೇ ಎಂದು ನಂಬಿಬಿಡುತ್ತೇವೆ. ಆ ರಾತ್ರಿ ಹಾಸಿಗೆಯ ಮೇಲೆ ಬಿದ್ದುಕೊಂಡು ನಾನು ಮತ್ತೆ ಮಧ್ಯಾಹ್ನದ ಶೋರೂಮನ್ನು ನೆನೆಯುತ್ತಿದ್ದೆ: ಅಜ್ಜಿ ದೊಡ್ಡದನ್ನು ಹತ್ತಲಾರದೆ ಹೋದದ್ದು, ಡಬ್ಬಿಯನ್ನು ಹತ್ತಲಾರದೆ ಹೋದದ್ದು, ಮೊಟ್ಟೆಯಿಂದ ಏಳಲಾರದೆ ಹೋದದ್ದು. ಹಾಗಾದರೆ ಅವಳು ಶೋರೂಮಿಗೆ ಬಂದದ್ದು ಹೇಗೆ? ಯಾರು ಎತ್ತಿದೆವು, ಯಾರು ಇಳಿಸಿದೆವು? ಎಷ್ಟು ನೆನೆದರೂ ಯಾರ ಕೈಯೂ ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿದವಳೇ ಓಣಿಯ ತುದಿಗೆ ಹೋದೆ. ಬಾಷಾ ಹಿಂದಿನ ಸೀಟು ಒರೆಸುತ್ತಿದ್ದ. ನಾನು ಬಗ್ಗಿ ಅವನ ಆಟೋಗೆ ಗೇಣು ಹಾಕಿದೆ. ಒಂದು ಗೇಣು, ಮೂರು ಬೆರಳು. ಒಂದು ಬೆರಳು ಉಳಿಯಿತು.

"ಏನ್ರಿ ಅಕ್ಕಾರ, ನಮ್ ಗಾಡಿಗೂ ಗೇಣು ಹಾಕಾಕ ಹತ್ತೀರಿ, ಕೊಂಡ್ಕೋತೀರೇನು?"

"ಉಕ್ಕಡಗಾತ್ರಿಗೆ ಬರ್ತೀರಾ?"

"ಅಷ್ಟು ದೂರ ಆಗಂಗಿಲ್ರಿ. ಹರಿಹರದ ತನಕ ಬಿಡ್ತೀನಿ. ಅಲ್ಲಿಂದ ನಮ್ ಮಾವನ ಆಟೋ ಐತೆ, ಹೇಳಿ ಕಳಸ್ತೀನಿ."

ಮನೆಯ ಮುಂದೆ ಆಟೋ ನಿಂತಾಗ ಅಪ್ಪ ಹೊರಗೆ ಬಂದು ಗಾಬರಿಯಾದರು. "ಆಟೋದಾಗ ಅಷ್ಟು ದೂರನಾ? ಮಂದಿ ಏನಂದಾರು?"

"ಮಂದಿ ಬಸ್ಸಿನ್ಯಾಗ ನಿಂತಿರ್ತಾರ, ನಾ ಕುಂತಿರ್ತೀನಿ" ಎಂದಳು ಅಜ್ಜಿ. ಪಕ್ಕದ ಕಂಬಿ ಹಿಡಿದು, ಬಲಗಾಲಿಟ್ಟು, ತಿರುಗಿ ಕೂತು, ಎಡಗಾಲನ್ನು ಹಿಂದೆಯೇ ಒಳಗೆ ಎಳೆದುಕೊಂಡಳು. ಯಾರೂ ಕೈ ಕೊಡಲಿಲ್ಲ. ಕೊಡಲು ಸಮಯವನ್ನೂ ಅವಳು ಬಿಡಲಿಲ್ಲ. ನಾವು ಬರುವುದರೊಳಗೆ ಇನ್ನೊಮ್ಮೆ ಕೂತು ಹೋಲಿಸಿ ನೋಡಿ ಎಂದು ಅಪ್ಪ, ಚಿಕ್ಕಪ್ಪನಿಗೆ ಹೇಳಿದೆ.

ಹರಿಹರದಲ್ಲಿ ಬಾಷಾನ ಮಾವ ಸೇತುವೆಯ ಹತ್ತಿರ ಕಾಯುತ್ತಿದ್ದರು. ಅರ್ಧ ದಾರಿಗೆ ಒಂದು ಗಾಡಿ, ಅರ್ಧ ದಾರಿಗೆ ಇನ್ನೊಂದು. ಆ ಊರಿಗೆ ತಕ್ಕಂತೆಯೇ ಆಯಿತು ಎಂದುಕೊಂಡೆ. ಈ ಆಟೋ ಸ್ವಲ್ಪ ಹಳೆಯದು, ಎತ್ತರ ಹೇಗಿದೆಯೋ ಎಂದು ಅನುಮಾನ ಬಂದು ನಾನು ಮತ್ತೆ ಬಗ್ಗಿ ಗೇಣು ಹಾಕಿದೆ. ಬೆರಳು ಎಣಿಸುವಷ್ಟರಲ್ಲಿ ನನ್ನ ಕೈಯ ಪಕ್ಕದಲ್ಲೇ ಅಜ್ಜಿಯ ಬಲಗಾಲು ಬಂದು ಕೂತಿತು.

"ಅಳೆದದ್ದು ಸಾಕು, ಹತ್ತು" ಎಂದಳು ಒಳಗಿನಿಂದ.

ಹತ್ತಿದೆ.