ನಾನು ಓದದ ನಾಲ್ಕನೆಯ ಸಾಲು

ಅಕ್ಕ ಓದಿ ನೋಡೆಂದು ಕೊಟ್ಟ ಒಂದು ಹಾಳೆಯನ್ನು ನಾನು ಓದಲಿಲ್ಲ. ಓದಿದೆ ಎಂದು ಹೇಳಿದೆ.

ಅವಳ ಬೆರಳ ತುದಿಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಕುಂದಗೋಳದ ಹತ್ತಿರದ ನಮ್ಮೂರಿಗೆ ಮರಳಿದವಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಉಳಿದ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಅದರ ಕೀಲಿಗಳಿಗೂ ಆ ಬಣ್ಣ ಹತ್ತಿತ್ತು. ಅವಳು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು.

ನಮ್ಮ ರೈತರ ಗುಂಪಿಗೆ ಒಂದೇ ಬಿತ್ತನೆ ಯಂತ್ರ. ಓಡಿಸುವವನು ನಾನು. ಯಾರ ಹೊಲದ ಪಾಳಿ ಯಾವಾಗ ಎಂದು ಫೋನಿನಲ್ಲಿ ತೋರಿಸುವ ಪ್ರೋಗ್ರಾಂ ಅಕ್ಕ ಬರೆಯತೊಡಗಿದಳು. "ಇದೊಂದು ನೆಟ್ಟಗ ನಡದ್ರ ಸಾಕೋ ತಮ್ಮಾ. ತವರಿಗೆ ಬಂದು ಕುಂತಾಳ ಅನ್ನೂದ ಬಿಟ್ಟು ಮಂದಿ ಬ್ಯಾರೆ ಏನರೆ ಅಂತಾರ" ಎನ್ನುತ್ತಿದ್ದಳು.

ಪ್ರೋಗ್ರಾಂ ಹೇಗೆ ನಡೆದುಕೊಳ್ಳಬೇಕೆಂದು ಮೊದಲು ಕನ್ನಡದಲ್ಲೇ ಬರೆದಳು: ಹೀಗಿದ್ದಾಗ, ಹೀಗಾದರೆ, ಹೀಗಾಗಬೇಕು. ಆ ಸಾಲುಗಳನ್ನು ತಾನಾಗಿಯೇ ಪರೀಕ್ಷಿಸುವಂತೆ, ಹೇಳಿದ ಕೆಲಸಗಳನ್ನು ತಾನೇ ಓಡಿಸುವ ಟಾಸ್ಕ್ ರನ್ನರ್‌ಗೆ ಒಂದು ಪ್ಲಗಿನ್, ಅಂದರೆ ಸಣ್ಣ ಸೇರ್ಪಡೆ, ಕೂಡಿಸಲು ಮೂರು ದಿನ ಹೆಣಗಿದಳು. ಸಿಗ್ನಲ್ ಸಿಗದೆ ಮಾಳಿಗೆ ಹತ್ತಿ, ಬಿಸಿಲಿಗೆ ಸೆರಗು ಎಳೆದುಕೊಂಡು ಕೂತಿರುತ್ತಿದ್ದಳು. ಕೊನೆಗೆ ಒಂದು ಸಂಜೆ ನನ್ನನ್ನು ಕೂಗಿದಳು. ಒಂದು ಸಾಲು ತಿದ್ದಿ ಉಳಿಸಿದ ಕೂಡಲೇ ಪರೀಕ್ಷೆಗಳು ತಾವೇ ಓಡಿ, ಪರದೆಯ ತುಂಬ ಹಸಿರು ಗುರುತುಗಳು ಮೂಡಿದವು.

"ಎಲ್ಲಾ ಹಸಿರ ಬಂತಲ್ಲ, ಮುಗೀತು ಬಿಡು" ಎಂದೆ.

"ಹುಚ್ಚಪ್ಪಾ, ನಾ ಬರದಂಗ ನಡೀತೈತಿ ಅಂತ ಅಷ್ಟ ಅದು ಹೇಳತೈತಿ. ನಾ ಬರದದ್ದ ತಪ್ಪಿದ್ರ ಅದಕ್ಕೇನ್ ಗೊತ್ತು? ಹೊಲದ ರೀತಿ ನಿನಗ ಗೊತ್ತು. ಓದಿ ನೋಡು."

ಸಾಲುಗಳನ್ನು ಹಾಳೆಯಲ್ಲಿ ಬರೆದು ಕೊಟ್ಟಳು. ಅಕ್ಷರ ಕೂಡಿಸಿ ಓದಲು ನನಗೆ ಬಹಳ ಹೊತ್ತು ಬೇಕು. ನೀನೇ ಓದಿ ಹೇಳು ಎನ್ನಲು ನಾಚಿಕೆ. ಮರುದಿನ "ಬರೋಬರಿ ಐತಿ" ಎಂದು ಹಿಂದಿರುಗಿಸಿದೆ.

ಬಿತ್ತನೆಯ ದಿನಗಳಲ್ಲಿ ಮಳೆ ಬಂದು ನೆರೆಮನೆಯ ಕಾಕಾನ ಪಾಳಿ ತಪ್ಪಿತು. ಮಳೆಗೆ ತಪ್ಪಿದ ಪಾಳಿ ನಮ್ಮಲ್ಲಿ ಮೊದಲನೆಯದಾಗಿಯೇ ಉಳಿಯುತ್ತದೆ. ಪ್ರೋಗ್ರಾಂ ಅವರ ಹೆಸರನ್ನು ಕೊನೆಗೆ ಹಾಕಿತು. ಫೋನಿನಲ್ಲಿ ಹೆಸರು ಬಂದವರು ತಮ್ಮ ಪಾಳಿ ಬಿಡಲಿಲ್ಲ. ಕಾಕಾನ ಸರದಿ ಬರುವಷ್ಟರಲ್ಲಿ ಹೊಲದ ಹಸಿ ಆರಿ ಬಿತ್ತುವ ಹದ ಮೀರಿತ್ತು.

ಕಾಕಾ ನಮ್ಮ ಬಾಗಿಲಿಗೆ ಬಂದರು. "ಮನ್ಯಾಗ ಕುಂತಾಕಿಗೆ ಮಣ್ಣಿನ ಹದ ಏನ್ ತಿಳೀತೈತಿ ಬೇ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕೈಯ ಗ್ರೀಸ್ ಒರೆಸುತ್ತ ನಿಂತೆ.

"ತಪ್ಪು ನಂದ್ರೀ ಕಾಕಾ" ಎಂದಳು.

ಗುಂಪು ಮತ್ತೆ ಪಾಳಿ ಬರೆದಿಡುವ ಹಳೆಯ ವಹಿಗೆ ಮರಳಿತು. ಅವಳು ಲ್ಯಾಪ್‌ಟಾಪಿಗೆ ಬಟ್ಟೆ ಹೊದಿಸಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮರುವರ್ಷ ಜ್ವರ ಬಂದು ತೀರಿಕೊಂಡಳು.

ಅವಳ ಟ್ರಂಕಿನಲ್ಲಿ ಆ ಹಾಳೆ ಸಿಕ್ಕಿತು. ಬೆರಳಿಟ್ಟು ಓದುತ್ತ ಹೋದೆ. ನಾಲ್ಕನೆಯ ಸಾಲು: "ಮಳೆಯಿಂದ ಪಾಳಿ ತಪ್ಪಿದರೆ, ಹೆಸರು ಕೊನೆಗೆ ಹೋಗಬೇಕು." ಬದಿಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: "ಇದು ಹೌದೋ ಅಲ್ಲೋ, ತಮ್ಮ ಹೇಳಬೇಕು."

ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಹೇಳಿದೆ: "ಅಲ್ಲಕ್ಕಾ, ಇದು ತಪ್ಪೈತಿ. ನಾ ಓದಿರಲಿಲ್ಲ. ತಪ್ಪು ನಂದು, ನಿಂದಲ್ಲ. ಹೊಟ್ಟ್ಯಾಗ ಹಾಕ್ಕೋ ಅಕ್ಕಾ."