ಪಿಳ್ಳಮ್ಮನ ಎರಡು ಗಂಗಾಳಗಳು

ಮಲ್ಲತ್ತಹಳ್ಳಿಯ ಹಳೆಯ ಊರಿನಲ್ಲಿ ಮುನಿಲಕ್ಷ್ಮಮ್ಮನವರ ಮನೆಯನ್ನು ಹುಡುಕಬೇಕಾದರೆ ಶುಕ್ರವಾರ ಬೆಳಿಗ್ಗೆ ಹೋಗಬೇಕು. ಯಾವ ಮನೆಯ ಮುಂದೆ ಹಿತ್ತಾಳೆ, ಕಂಚು, ತಾಮ್ರಗಳೆಲ್ಲ ಬಿಸಿಲಿನಲ್ಲಿ ಬೋರಲು ಮಲಗಿ ಕಣ್ಣು ಕುಕ್ಕುತ್ತವೆಯೋ ಅದೇ ಅವರ ಮನೆ. ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆಗಳು ಎದ್ದವು. ಆದರೆ ಅವರ ಹುಣಸೆಹಣ್ಣು, ಉಪ್ಪು, ಬೂದಿಯ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

"ನಮ್ಮತ್ತೆ ಮೊದ್ಲು ಪಾತ್ರೆ ನೋಡೋರು ಟೀಚರಮ್ಮ, ಆಮೇಲೆ ಸೊಸೆ ಮುಖ ನೋಡೋರು" ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ.

ಆ ಅತ್ತೆಯ ಹೆಸರು ಪಿಳ್ಳಮ್ಮ. ಇಬ್ಬರು ಗಂಡುಮಕ್ಕಳ ಮದುವೆಯನ್ನು ಒಂದೇ ಚಪ್ಪರದಲ್ಲಿ, ಒಂದೇ ದಿನ ಮಾಡಿದಾಕೆ. ಧಾರೆಯ ಹಾಲು ಬೀಳುವುದಕ್ಕೆಂದು ಒಂದೇ ಅಚ್ಚಿನ ಎರಡು ಕಂಚಿನ ಗಂಗಾಳಗಳನ್ನು ತರಿಸಿ, ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ತನ್ನ ಹೆಸರು ಹೊಡೆಸಿದ್ದರಂತೆ. ಹಿರಿಯ ಸೊಸೆ ಮುನಿಲಕ್ಷ್ಮಮ್ಮನಿಗೆ ಒಂದು, ಕಿರಿಯ ಸೊಸೆ ವೆಂಕಟಲಕ್ಷ್ಮಮ್ಮನಿಗೆ ಒಂದು.

ಎರಡು ಗಂಗಾಳಗಳು ಸಮವಾಗಿದ್ದವು. ಬೇರೆ ಯಾವುದೂ ಸಮವಾಗಲಿಲ್ಲ ಎಂಬುದು ಮುನಿಲಕ್ಷ್ಮಮ್ಮನವರ ಕೊರಗು. ಮನೆ ಪಾಲಾದಾಗ ಕಾರ್ನರ್ ಸೈಟು ಓರಗಿತ್ತಿಗೆ ಹೋಯಿತು. ಕೊನೆಗಾಲದಲ್ಲಿ ಅತ್ತೆಯ ಕೈಕಾಲು ತೊಳೆದವರು ಇವರು, ಅತ್ತೆ ಕೂಗಿ ಕರೆಯುತ್ತಿದ್ದುದು ಅವಳನ್ನು. ಅವಳ ಮನೆಗೆ ಲಿಫ್ಟ್ ಬಂತು. ಇಬ್ಬರಿಗೂ ಮಂಡಿ ನೋವು ಬಂದಾಗಲೂ ಜನ ಮೊದಲು ವಿಚಾರಿಸಿದ್ದು ಅವಳನ್ನೇ.

ಹೋದ ವರ್ಷದ ಮೇ ತಿಂಗಳಲ್ಲಿ ನಮ್ಮ ಬಡಾವಣೆಯ ಸಂಘದವರು ಕೆರೆಯ ಪಕ್ಕದ ಸಭಾಭವನದಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಏರ್ಪಡಿಸಿದರು. ವಾಲ್ವ್ ರೇಡಿಯೊಗಳು, ಬೆಂಕಿಪೊಟ್ಟಣದ ಚಿತ್ರಗಳು, ತೂತಿನ ಕಾಸುಗಳು, ಬೀಸುವ ಕಲ್ಲು, ಎಲ್ಲ ಬಂದವು. ವಸ್ತುಗಳ ಪಕ್ಕದಲ್ಲಿಡುವ ಚೀಟಿಗಳನ್ನು ಬರೆಯುವ ಕೆಲಸ ನನ್ನದು. ಬಾಗಿಲಿನೆದುರಿನ ಮೇಜಿನಲ್ಲಿ ಇಟ್ಟದ್ದರ ಚಿತ್ರ ಸಂಘದ ಮುಂದಿನ ಕ್ಯಾಲೆಂಡರಿನಲ್ಲಿ ಬರುತ್ತದೆ ಎಂದು ಗೊತ್ತಾದೊಡನೆ ಮುನಿಲಕ್ಷ್ಮಮ್ಮನವರು ತಮ್ಮ ಗಂಗಾಳವನ್ನು ಎರಡು ಸಲ ಉಜ್ಜಿ, ಹೊಸ ಟವೆಲ್ಲಿನಲ್ಲಿ ಸುತ್ತಿ ತಂದರು. ಚಿನ್ನದ ಹಾಗೆ ಹೊಳೆಯುತ್ತಿತ್ತು.

ಪ್ರದರ್ಶನದ ಹೊಣೆ ಹೊತ್ತಿದ್ದ ಸೌಮ್ಯಶ್ರೀ ಅದನ್ನು ತಿರುಗಿಸಿ ನೋಡಿ ಗೋಡೆಯ ಪಕ್ಕದಲ್ಲಿಟ್ಟಳು. ಎದುರಿನ ಮೇಜಿನಲ್ಲಿ ಆಗಲೇ ಇನ್ನೊಂದು ಗಂಗಾಳ ಕುಳಿತಿತ್ತು. ಅಟ್ಟದಿಂದ ಇಳಿಸಿ ಹಾಗೆಯೇ ತಂದದ್ದು, ಕಾವಲಿಯಂತೆ ಕಪ್ಪು.

"ಅದು ವೆಂಕಟಲಕ್ಷ್ಮೀದಲ್ವಾ?" ಎಂದರು ಮುನಿಲಕ್ಷ್ಮಮ್ಮ.

"ಹೌದು ಆಂಟಿ. ಸೂಪರ್ ಆಗಿದೆ ಅಲ್ವಾ? ನಿಮ್ದು ತುಂಬಾ ಪಾಲಿಶ್ ಆಗ್ಬಿಟ್ಟಿದೆ, ಹೊಸದ್ರ ಥರ ಕಾಣುತ್ತೆ. ಅದ್ರಲ್ಲಿ ನೋಡಿ, ಹಳೇ ಕಳೆ ಹಾಗೇ ಇದೆ."

"ಕಳೆ ಅಲ್ಲ ಕಣಮ್ಮ, ಕಿಲುಬು. ಅದ್ರಲ್ಲಿ ಅವ್ಳು ಕೋಳಿಗೆ ನೀರಿಡ್ತಿದ್ಲು!"

"ಅದನ್ನೂ ಚೀಟೀಲಿ ಬರೆಸೋಣ ಆಂಟಿ, ಜನಕ್ಕೆ ಇಷ್ಟ ಆಗುತ್ತೆ."

ಆ ದಿನವೆಲ್ಲ ಬಂದವರು ಕಪ್ಪು ಗಂಗಾಳದ ಮುಂದೆ ನಿಂತು ಫೋಟೊ ತೆಗೆದುಕೊಂಡರು. ವೆಂಕಟಲಕ್ಷ್ಮಮ್ಮ ಪಕ್ಕದ ಕುರ್ಚಿಯಲ್ಲಿ ಮುಖ ತಗ್ಗಿಸಿ ಕುಳಿತಿದ್ದರು. ಅದನ್ನು ಬಿನ್ನಾಣವೆಂದೇ ತಿಳಿದ ಮುನಿಲಕ್ಷ್ಮಮ್ಮನವರು ನನ್ನ ಕಿವಿಯಲ್ಲಿ, "ನೋಡಿ, ಮದುವಣಗಿತ್ತಿ ಕೂತಂಗೆ ಕೂತವ್ಳೆ" ಎಂದರು. ವಾರವಾರವೂ ಉಜ್ಜಿದವಳು ಗೋಡೆಯ ಪಕ್ಕಕ್ಕೆ, ಅಟ್ಟಕ್ಕೆಸೆದವಳು ಬಾಗಿಲಿನೆದುರಿಗೆ. ಅವರ ಹೊಟ್ಟೆಯುರಿ ನನಗೂ ಅನ್ಯಾಯದ್ದೆನಿಸಲಿಲ್ಲ.

ಮರುದಿನ ಮಧ್ಯಾಹ್ನ ವೆಂಕಟಲಕ್ಷ್ಮಮ್ಮ ಊಟಕ್ಕೆಂದು ಮನೆಗೆ ಹೋದರು. ಸೌಮ್ಯಶ್ರೀ ರೇಡಿಯೊಗಳ ಕಡೆ ಇದ್ದಳು. ಸ್ವಲ್ಪ ಹೊತ್ತಿಗೆ ಎದುರಿನ ಮೇಜು ಬರಿದಾಗಿತ್ತು. ಹಿಂಬದಿಯ ನಲ್ಲಿಯ ಕಡೆಯಿಂದ ಪರಕ್ ಪರಕ್ ಎಂಬ ಸದ್ದು ಕೇಳಿ ಹೋಗಿ ನೋಡಿದೆ. ಮುನಿಲಕ್ಷ್ಮಮ್ಮನವರು ಸೆರಗು ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಹುಣಸೆಹಣ್ಣನ್ನು ಮನೆಯಿಂದಲೇ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದರು.

"ಏನಮ್ಮ ಇದು?"

"ಓರಗಿತ್ತಿ ಪಾತ್ರೆ. ತೊಳೆದುಕೊಡ್ತಾ ಇದೀನಿ. ತಪ್ಪಾ?"

ಪಾತ್ರೆ ತೊಳೆದುಕೊಟ್ಟವಳನ್ನು ತಪ್ಪಿತಸ್ಥಳೆನ್ನುವವರು ಆ ಊರಿನಲ್ಲಿ ಯಾರಿದ್ದಾರೆ? ಕಪ್ಪೆಲ್ಲ ಹರಿದುಹೋಗಿ ಕಂಚು ಬೆಳಗಿತು. ಆಗ ಅಂಚಿನ ಮೇಲೆ ಚುಕ್ಕೆಗಳು ಒಂದೊಂದಾಗಿ ಎದ್ದವು. ನಿನ್ನೆ ಹೊಡೆಸಿದಷ್ಟು ಸ್ಪಷ್ಟವಾಗಿ, ಪಿಳ್ಳಮ್ಮ. ಮುನಿಲಕ್ಷ್ಮಮ್ಮನವರ ಕೈ ನಿಂತಿತು.

ಸೌಮ್ಯಶ್ರೀ ಓಡಿ ಬಂದು ತಲೆಯ ಮೇಲೆ ಕೈ ಹೊತ್ತಳು. "ಏನ್ ಆಂಟಿ ಮಾಡಿದ್ರಿ! ಎಲ್ಲಾ ಹೋಯ್ತು!" ಅವಳ ಹಿಂದೆಯೇ ವೆಂಕಟಲಕ್ಷ್ಮಮ್ಮ ಬಂದರು. ನೋಡಿದರು. ಕೂಗಾಡುವರೆಂದು ನಾನು ಹೆದರಿದ್ದೆ. ಅವರ ಮುಖ ಅರಳಿತು.

"ಅಯ್ಯೋ ಅಕ್ಕ, ನನ್ ಮಾನ ಉಳಿಸ್ದೆ ಕಣಕ್ಕ! ನೆನ್ನೆಯಿಂದ ತಲೆ ಎತ್ತಕ್ಕಾಗಿಲ್ಲ ನಂಗೆ. ತೊಳೆದುಕೊಡ್ತೀನಿ ಅಂದ್ರೆ ಈ ಹುಡ್ಗಿ ಬಿಡ್ಲಿಲ್ಲ. ಊರೋರೆಲ್ಲ ಬಂದು ನನ್ ಕೊಳೆ ಪಾತ್ರೆ ಫೋಟೊ ತೆಗೀತಾವ್ರೆ! ಅಯ್ಯೋ, ನೋಡಕ್ಕ ಇಲ್ಲಿ, ಅತ್ತೆ ಹೆಸ್ರು!"

ಆ ಹೆಸರನ್ನು ನೋಡಿ ಸೌಮ್ಯಶ್ರೀಯ ಕೋಪವೂ ಇಳಿಯಿತು. "ಆಂಟಿ, ನಿಮ್ಮದ್ರಲ್ಲೂ ಹೆಸರಿದ್ಯಾ? ಎರಡನ್ನೂ ಜೋಡೀಲಿ ಇಡೋಣ" ಎಂದು ಗೋಡೆಯ ಪಕ್ಕದ ಗಂಗಾಳವನ್ನು ತಂದಳು. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದಳು. ಒಂದು 'ಪಿ' ಮಾತ್ರ ಮಸುಕಾಗಿ ಉಳಿದಿತ್ತು. ಮಿಕ್ಕದ್ದನ್ನು ಅಷ್ಟೂ ವರ್ಷಗಳ ಶುಕ್ರವಾರಗಳು ತಿಂದುಹಾಕಿದ್ದವು.

"ನಾನು ಉಜ್ಜಿದ್ದೀನಿ" ಎಂದರು ಮುನಿಲಕ್ಷ್ಮಮ್ಮ, ಯಾರನ್ನೂ ನೋಡದೆ. ಕ್ಯಾಲೆಂಡರಿಗೆ ಹೆಸರಿರುವ ಗಂಗಾಳವೇ ಹೋಯಿತು.

ಮೊನ್ನೆ ಶುಕ್ರವಾರ ಅವರ ಮನೆಗೆ ಹೋಗಿದ್ದೆ. ಮೇ ಮುಗಿಯುತ್ತ ಬಂದಿದ್ದರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಏಪ್ರಿಲ್. ಗಂಗಾಳದ ಚಿತ್ರವಿರುವುದು ಮೇ ಹಾಳೆಯಲ್ಲಿ.

"ಹಾಳೆ ತಿರುವಿಲ್ವಲ್ಲಮ್ಮ?"

"ಮರ್ತೋಯ್ತು" ಎಂದರು, ಅಂದಿನ ತಿಥಿ ನಕ್ಷತ್ರಗಳನ್ನು ತಪ್ಪಿಲ್ಲದೆ ಹೇಳಬಲ್ಲವರು.

ಅಂಗಳದಲ್ಲಿ ಈಗ ಎರಡು ಗಂಗಾಳಗಳು. ಅಕ್ಕನ ಕೈಗುಣವೇ ಬೇರೆ ಎಂದು ವೆಂಕಟಲಕ್ಷ್ಮಮ್ಮ ವಾರವಾರವೂ ತಮ್ಮದನ್ನು ಕಳುಹಿಸುತ್ತಾರೆ. ಮುನಿಲಕ್ಷ್ಮಮ್ಮನವರು ತಮ್ಮ ಗಂಗಾಳವನ್ನು ತೊಳೆಯುವಾಗ 'ಪಿ' ಇರುವೆಡೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಸುತ್ತ ಮಾತ್ರ ಉಜ್ಜಿದರು. ಆಮೇಲೆ ಇನ್ನೊಂದನ್ನು ಎಳೆದುಕೊಂಡರು. ಹುಣಸೆಹಣ್ಣಿಗೆ ಇನ್ನಷ್ಟು ಬೂದಿ ಮೆತ್ತಿ, ಅಂಚಿನ ಹೆಸರಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು ತಿಕ್ಕತೊಡಗಿದರು.

ನಾನು ನೋಡುತ್ತಿರುವುದು ತಿಳಿದು ತಲೆಯೆತ್ತಿದರು.

"ಕೊಳೆ ಇಲ್ಲೇ ಜಾಸ್ತಿ ಟೀಚರಮ್ಮ."